ಮಗಳನ್ನು ಬೋರ್ಡಿಂಗಿಗೆ ಕಳಿಸಿದ ಎಪಿಸೋಡು

ಶಹಾಪುರದ ಬಸ್ ನಿಲ್ದಾಣದ ಎದುರಿಗಿದ್ದ ಎಸ್‌ಟಿಡಿ ಬೂತಿನಲ್ಲಿ ಒಂದು ಫ್ಯಾಕ್ಸ್ ಮಷಿನ್ ಇತ್ತು. ವಾರಕ್ಕೆರಡು ಸಲ ನಾನು ಅದರ ಬಾಯಿಗೆ ನಾಲ್ಕೈದು ಹಾಳೆ ತುರುಕಿ, ಅವು ಬೆಂಗಳೂರು ಮುಟ್ಟಿದವೋ ಇಲ್ಲವೋ ಎಂದು ಅಲ್ಲೇ ನಿಂತು ಕಾಯುತ್ತಿದ್ದೆ. ನನ್ನ ಹಿಂದೆ ಹತ್ತಿ ವ್ಯಾಪಾರಿಗಳು, ದೂರದ ಮಗಳ ಹೆರಿಗೆಯ ಸುದ್ದಿ ಕೇಳಲು ಬಂದ ತಾಯಂದಿರು ಸಾಲಾಗಿ ನಿಂತಿರುತ್ತಿದ್ದರು. ಅವರೆಲ್ಲರಿಗಿಂತ ನನ್ನ ಕೆಲಸ ಅರ್ಜೆಂಟು. ಸೀರಿಯಲ್ಲಿನ ಅಡಿಗೆಯವಳು ಸೋಮವಾರ ಏನು ಮಾತಾಡಬೇಕು ಎಂಬುದು ಆ ಹಾಳೆಗಳಲ್ಲಿತ್ತು.

ಸೀರಿಯಲ್ಲು ಬೆಂಗಳೂರಿನ ಒಂದು ಶ್ರೀಮಂತ ಮನೆಯದು; ಆ ಮನೆಯವರು ಯಾವ ಜಗಳವನ್ನೂ ಕೂತು ಆಡುತ್ತಿರಲಿಲ್ಲ, ಮಾಳಿಗೆಯ ಮೆಟ್ಟಿಲ ಮೇಲೆ ನಿಂತೇ ಆಡುತ್ತಿದ್ದರು. ಅಲ್ಲೊಬ್ಬ ವಿಧವೆ ಅಡಿಗೆಯವಳು, ಅವಳಿಗೊಬ್ಬ ಪುಟ್ಟ ಮಗಳು. ಕಾಮಿಡಿಗೆ ಇರಲಿ ಎಂದು ಯಾರೋ ಅವಳನ್ನು ‘ಯಾದಗಿರಿ ಕಡೆಯವಳು’ ಮಾಡಿದ್ದರು. ಕಥಾ ವಿಭಾಗದ ಮುಖ್ಯಸ್ಥೆ ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಹತ್ತು ವರ್ಷ ಮಲಗಿದವಳು. ಯಾದಗಿರಿ ಕಡೆಯವರೆಂದರೆ ಅವಳಿಗೆ ಗೊತ್ತಿದ್ದದ್ದು ನಾನೊಬ್ಬಳೇ.

“ಡಿಯರ್, ನಿಮ್ಮ ಕಡೆ ಮಾತು ಸ್ವಲ್ಪ ಹಾಕ್ಕೊಡೇ. ಕಥೆ ಗಿಥೆ ನಾವು ನೋಡ್ಕೋತೀವಿ” ಎಂದು ಫೋನಿನಲ್ಲಿ ಹೇಳಿದಳು.

ನಮ್ಮ ಕಡೆಯ ಮಾತು ನನಗೂ ಎಲ್ಲಿಂದ ಬರಬೇಕು? ನನ್ನ ಬಾಲ್ಯವನ್ನೆಲ್ಲ ಸಿಸ್ಟರ್‌ಗಳು ಇಂಗ್ಲಿಷಿನಲ್ಲಿ ತಿದ್ದಿದ್ದರು. ಗಂಡನದು ಕಾಲುವೆ ಇಲಾಖೆಯ ನೌಕರಿ. ಕಾಲುವೆ ತೋಡುವಾಗ ಶಹಾಪುರಕ್ಕೆ ಬಂದವರು, ನೀರು ಹರಿದ ಮೇಲೂ ಇಲ್ಲೇ ಉಳಿದೆವು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಸೊಳ್ಳೆ, ಆಮೇಲೆ ಕೇಬಲ್ ಟಿವಿ. ಮಾತನ್ನು ನಾನು ಕಲಿತದ್ದು ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳಿಂದ. ಅವಳ ತವರು ಬಳಿಚಕ್ರ, ಕೊಟ್ಟ ಮನೆ ಗೋಗಿ. ಮೂವತ್ತು ತುಂಬುವ ಮೊದಲೇ ಗಂಡ ತೀರಿಕೊಂಡಿದ್ದ. ನಾಲ್ಕನೇ ಇಯತ್ತೆ ಓದುವ ಮಗಳನ್ನು ಕಟ್ಟಿಕೊಂಡು ನಮ್ಮ ಹಿತ್ತಲಿನ ಕೋಣೆಯಲ್ಲಿದ್ದಳು. ಅವಳು ತವೆಯ ಮುಂದೆ ಆಡಿದ್ದನ್ನು ನಾನು ಕ್ಯಾಲೆಂಡರಿನ ಹಿಂಬದಿಗೆ ಗೀಚಿಕೊಳ್ಳುವೆ. ಎರಡು ವಾರಕ್ಕೆ ಅದು ಟಿವಿಯಲ್ಲಿ ಬರುವುದು.

“ಅಮ್ಮಾರ, ಇದು ನಾ ಮೊನ್ನಿ ಹಾಲಿನಾಕಿಗಿ ಬೈದದ್ದಲ್ರಿ!” ಎಂದು ಅವಳು ಟಿವಿಯ ಮುಂದೆ ತೊಡೆ ತಟ್ಟಿ ನಗುತ್ತಿದ್ದಳು.

ಬೈಗುಳವೂ ಪೂರ್ತಿ ಬರುತ್ತಿರಲಿಲ್ಲ. ನಾನು ಬರೆದ ಹತ್ತು ಸಾಲಿನಲ್ಲಿ ಮೂರನ್ನು ಡೈಲಾಗ್ ರೈಟರ್ ‘ಮೈಸೂರಿನವರಿಗೆ ಅರ್ಥವಾಗೊಲ್ಲ’ ಎಂದು ಹೊಡೆಯುವನು, ಎರಡನ್ನು ಡೈರೆಕ್ಟರು, ಉಳಿದುದರಲ್ಲಿ ಅರ್ಧವನ್ನು ಆ ನಟಿ ಮರೆಯುವಳು. ಕಡೆಗೆ ಉಳಿಯುವುದು ಪ್ರತಿ ಮಾತಿಗೂ ಒಂದು ‘ರಿ’. ಕಥೆಯದೂ ಇದೇ ಗತಿ. ಸೀರಿಯಲ್ಲಿನ ಅಜ್ಜಿ ಒಮ್ಮೆ ಇದ್ದಕ್ಕಿದ್ದಂತೆ ವೈರಾಗ್ಯ ಬಂದು ಕಾಶಿಗೆ ಹೊರಟುಹೋದಳು. ನಮ್ಮ ಓಣಿಯ ಹೆಂಗಸರು ಸೊಸೆಯೇ ಕಾರಣವೆಂದು ವಾರವಿಡೀ ಶಪಿಸಿದರು. ಆ ನಟಿಗೆ ಸಿನಿಮಾ ಒಂದರಲ್ಲಿ ಇಪ್ಪತ್ತು ದಿನದ ಶೂಟಿಂಗ್ ಸಿಕ್ಕಿತ್ತು, ಅಷ್ಟೇ. ವಿಷ ಹಾಕಲು ಹೊರಟಿದ್ದ ಚಿಕ್ಕಮ್ಮ ಗುರುವಾರದ ರೇಟಿಂಗ್ ನೋಡಿ ಸೋಮವಾರದಿಂದ ಒಳ್ಳೆಯವಳಾದಳು.

ಅಡಿಗೆಯವಳ ಉಪಕಥೆ, ಅವರ ಭಾಷೆಯಲ್ಲಿ ‘ಟ್ರ್ಯಾಕ್’, ಬಂದದ್ದು ಹೀಗೇ, ರೇಟಿಂಗ್ ಬಿದ್ದ ಒಂದು ಗುರುವಾರ. ಗೆಳತಿ ಫೋನಿನಲ್ಲಿ ಉಸಿರು ಬಿಗಿಹಿಡಿದು ಹೇಳಿದಳು: “ಅವಳಿಗೆ ಮರುಮದುವೆ ಮಾಡ್ಸೋಣ ಅಂತ. ವಿಡೋ ರೀಮ್ಯಾರೇಜ್! ನಿಮ್ಮೂರಲ್ಲಿ ಬೆಂಕಿ ಬಿದ್ದ ಹಾಗಾಗಲ್ವಾ? ಪಂಚಾಯ್ತಿ ಸೇರಿಸಿ ಕಲ್ಲು ಹೊಡೆಸೋಣ.”

ನಾನು ನಕ್ಕುಬಿಟ್ಟೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದಕ್ಕೆ ಉಡಕಿ ಎನ್ನುತ್ತಾರೆ. ಹಂದರ ಇಲ್ಲ, ವಾಲಗ ಇಲ್ಲ. ನಾಲ್ಕು ಜನ ಹಿರಿಯರ ಮುಂದೆ ಹೊಸ ಸೀರೆ ಉಡಿಸಿ ತಾಳಿ ಕಟ್ಟಿಸಿದರೆ ಮುಗಿಯಿತು. ಕಲ್ಲು ಹೊಡೆಯಲು ಯಾರಿಗೂ ಪುರುಸೊತ್ತಿಲ್ಲ. ಕಷ್ಟವಿರುವುದು ಬೇರೆ ಕಡೆ. ಉಡಕಿಯಾಗಿ ಹೋದವಳ ಜೊತೆಗೆ ಮಕ್ಕಳು ಹೋಗುವುದಿಲ್ಲ. ಅವು ಮೊದಲ ಗಂಡನ ಮನೆಯವು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿರಲಿಲ್ಲ. ಅದೇ ತಿಂಗಳು ನಮ್ಮ ಅಡಿಗೆಮನೆಯಲ್ಲಿ ಅದೇ ನಡೆದಿತ್ತು. ಕಾಲುವೆಯ ತೂಬು ತೆರೆದು ಮುಚ್ಚುವ ಒಬ್ಬ ಗೇಟ್‌ಮ್ಯಾನ್, ಹೆಂಡತಿ ಸತ್ತವನು, ಮಾತು ಕಡಿಮೆ, ನಮ್ಮ ಮನೆಯ ಈ ಹೆಣ್ಣುಮಗಳನ್ನು ಉಡಕಿಗೆ ಕೇಳಿ ಕಳಿಸಿದ್ದ. ಅವಳಿಗೂ ಮನಸ್ಸಿತ್ತು. ಸತ್ತ ಗಂಡನ ಅಣ್ಣ ಗೋಗಿಯಿಂದ ಬಂದು ನಮ್ಮ ಕಟ್ಟೆಯ ಮೇಲೆ ಕೂತು, ಚಹಾದ ಬಟ್ಟಲಿಗೆ ಊದುತ್ತ, ಬಹಳ ಪ್ರೀತಿಯಿಂದಲೇ ಮಾತಾಡಿದ.

“ಉಡಕಿ ಆಗವ್ವ, ಬ್ಯಾಡ ಅಂದೋರು ಯಾರು? ವಯಸ್ಸದ. ಸೀರಿ ನಾನಾ ತರ್ತೀನಿ. ಪೋರಿ ಮಾತ್ರ ನಮ್ಮ ಮನೀಗಿ ಬರ್ತದ.”

“ಪೋರಿಗಿ ನಾ ಬೇಕಲ್ರೀ, ಭಾವಾರ.”

“ನಮ್ಮ ತಮ್ಮನ ಕೂಸು ಮಂದಿ ಮನ್ಯಾಗ ಕೂತು ಉಣ್ಣೂದು ಚೊಲೋ ಕಾಣತದೇನು? ನೀನಾ ಹೇಳು.”

ಅವಳು ಒಳಗೆ ಬಂದು ಹಿಟ್ಟು ನಾದಿದಳು. ನಾದಿದ್ದನ್ನೇ ಮತ್ತೆ ನಾದಿದಳು. ಆ ವಾರದಿಂದ ಗೇಟ್‌ಮ್ಯಾನಿಗೆ ಹೂಂ ಎನ್ನದೆ, ಊಹೂಂ ಎನ್ನದೆ ಇಟ್ಟಿದ್ದಳು. ಗಂಡಸನ್ನೇ ಬಿಡುವುದೋ, ಮಗಳನ್ನು ಗೋಗಿಗೆ ಕೊಟ್ಟುಬಿಡುವುದೋ.

ನಾನು ಗೆಳತಿಗೆ ಆರು ಪುಟದ ಫ್ಯಾಕ್ಸ್ ಕಳಿಸಿದೆ. ಕಲ್ಲು ಬೇಡ, ಮಗುವಿನ ಜಗ್ಗಾಟವನ್ನೇ ಬರೆಯಿರಿ, ದ್ಯಾಟ್ ಈಸ್ ದ ರಿಯಲ್ ಸ್ಟೋರಿ ಎಂದು ಕೆಳಗೆ ಗೆರೆ ಎಳೆದೆ. ನಿಜ ಹೇಳಬೇಕೆಂದರೆ ನನ್ನಲ್ಲೊಂದು ಆಸೆಯಿತ್ತು. ಟಿವಿಯ ತಾಯಿ ಏನಾದರೊಂದು ದಾರಿ ಹುಡುಕಿದರೆ ನಮ್ಮ ಮನೆಯ ತಾಯಿಗೂ ಅದು ಕಂಡೀತು, ನಾನು ಬಾಯಿಬಿಟ್ಟು ಉಪದೇಶ ಮಾಡುವುದು ತಪ್ಪೀತು.

ಉತ್ತರ ಹತ್ತು ದಿನದ ಮೇಲೆ ಬಂತು. “ಬ್ಯೂಟಿಫುಲ್ ಕಣೇ. ಆದ್ರೆ ಮಗುನೇ ಇಲ್ಲ. ಆ ಹುಡುಗಿಗೆ ಪರೀಕ್ಷೆಯಂತೆ, ಅವರಮ್ಮ ಎರಡು ತಿಂಗಳು ಕಳಿಸೊಲ್ಲ ಅಂತಾರೆ. ಬೋರ್ಡಿಂಗ್ ಸ್ಕೂಲಿಗೆ ಹಾಕಿದೀವಿ. ಕಾರ್ ಹತ್ತೋ ಶಾಟ್ ತೆಗೆದಾಯ್ತು. ಬೀಳ್ಕೊಡೋ ಡೈಲಾಗ್ ನಾಳೆ ಬೇಕು.”

ನನಗೆ ಸಿಟ್ಟು ಬಂತು. ಯಾವ ತಾಯಿಯೂ ಹಾಗೆ ಮಾಡುವುದಿಲ್ಲ, ಕ್ಯಾರೆಕ್ಟರ್ ಕೆಡುತ್ತದೆ ಎಂದೆ. “ನಿಮ್ಮಮ್ಮ ಮಾಡ್ಲಿಲ್ವಾ?” ಎಂದು ಗೆಳತಿ ನಕ್ಕಳು. ಆರು ವರ್ಷದವಳಿದ್ದಾಗ ನನ್ನನ್ನು ಕಾನ್ವೆಂಟಿನ ಗೇಟಿನಲ್ಲಿ ಬಿಟ್ಟು ಟಾಂಗಾ ಹತ್ತಿದ ನನ್ನ ತಾಯಿಯನ್ನು ಅವಳೂ ಬಲ್ಲಳು. ನಾನು ಫೋನಿಟ್ಟೆ. ಡೈಲಾಗ್ ಕಳಿಸಿದೆ. ಅದರಲ್ಲಿ ಅರ್ಧ ಉಳಿಯಿತು.

ಆ ಎಪಿಸೋಡು ಬಂದ ಸಂಜೆ ನಮ್ಮ ರೊಟ್ಟಿ ಬಡಿಯುವ ಹೆಣ್ಣುಮಗಳು ನೆಲದ ಮೇಲೆ ಕೂತು ಮೆಂತ್ಯ ಸೋಸುತ್ತಿದ್ದಳು. ಟಿವಿಯ ಮಗು ಕಾರು ಹತ್ತಿತು. ಇವಳು ಸೊಪ್ಪು ಬಿಟ್ಟು ಎದ್ದಳು.

“ಅಮ್ಮಾರ, ಬೋರ್ಡಿಂಗ ಅಂದ್ರ ಸುರಪುರದಾಗ ಹೆಣ್ಣುಮಕ್ಕಳ ಹಾಸ್ಟೆಲ್ ಅದಲ್ರಿ, ಹಾಂಗನಾ?”

“ಇದು ಬೇರೆ ಅದವ್ವ. ಇದು ರೊಕ್ಕಿದ್ದವರದು.”

“ಉಣ್ಣಾಕ ಹಾಕ್ತಾರ್ರಿಲ್ಲೋ?”

“ಹಾಕ್ತಾರ.”

“ಯಾರ ಮನಿ ಕೂಳು ಅನಿಸ್ಕೋತದ್ರಿ ಅದು?”

ನನಗೆ ಆಗ ಹೊಳೆಯಿತು, ಅವಳ ಯೋಚನೆ ಎಲ್ಲಿಗೆ ಹೊರಟಿದೆಯೆಂದು. ಹೆದರಿಕೆಯೂ ಆಯಿತು. ಹಾಸ್ಟೆಲಿನ ರುಚಿ ಗೊತ್ತಿದ್ದದ್ದು ಆ ಮನೆಯಲ್ಲಿ ನನಗೊಬ್ಬಳಿಗೇ. ಅವಳನ್ನು ಕೂರಿಸಿ ಸತ್ಯ ಹೇಳಿದೆ: ಕಥೆಯಲ್ಲಿ ಮಗುವನ್ನು ಕಳಿಸಿದ್ದು ಯಾರ ಒಳಿತಿಗೂ ಅಲ್ಲ, ಆ ಹುಡುಗಿಗೆ ಪರೀಕ್ಷೆ ಇತ್ತು, ಬರೆಯುವವರಿಗೆ ಬೇರೆ ದಾರಿ ತೋಚಲಿಲ್ಲ, ಅಷ್ಟೇ.

“ಯಾಕ ಕಳಿಸ್ಯಾರ ಅನ್ನೂದು ತಗೊಂಡು ನಾ ಏನ್ಮಾಡ್ಲಿರಿ?” ಎಂದಳು. “ಕಳಿಸ್ಯಾರಿಲ್ಲೋ.”

ಮುಂದಿನ ರವಿವಾರ ಗೋಗಿಯ ಭಾವ, ಬಳಿಚಕ್ರದ ಅವಳ ತಾಯಿ, ಗೇಟ್‌ಮ್ಯಾನಿನ ಕಡೆಯ ಒಬ್ಬ ಹಿರಿಯ, ಎಲ್ಲರೂ ನಮ್ಮ ಕಟ್ಟೆಯ ಮೇಲೆ ಸೇರಿದರು. ಅವಳು ಮುಂದಿಟ್ಟ ಮಾತು ಇಷ್ಟೇ: ಹುಡುಗಿ ಐದನೇ ಇಯತ್ತೆಗೆ ಸುರಪುರದ ಹಾಸ್ಟೆಲಿಗೆ. ದೀಪಾವಳಿಗೆ ಗೋಗಿ, ಬೇಸಿಗೆಗೆ ಬಳಿಚಕ್ರ. ಹೊಸ ಗಂಡನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಬಳಿಚಕ್ರಕ್ಕೆ ತಾಯಿ ಬರುವುದನ್ನು ಯಾರೂ ಬೇಡ ಅನ್ನುವ ಹಾಗಿಲ್ಲ. ಅದು ಅವಳ ತವರು.

“ಸರಕಾರದ ಕೂಳು ಉಂಡ್ರ ನಿಮ್ಮ ಮರ್ಯಾದಿಗೇನು ಆಗ್ತದ್ರಿ?” ಎಂದು ಕೇಳಿದಳು.

ಭಾವ ಮೀಸೆ ತೀಡಿದ. “ಇದಕ್ಕೇನು ಅನ್ನಬೇಕೋ ತಿಳೀವಲ್ದು” ಎಂದ. “ಎಲ್ಲಿ ಕಲತಿ ಇದನ್ನ?”

“ಅಮ್ಮಾರು ಬರ್ದಾರ್ರಿ” ಎಂದು ಅವಳು ನನ್ನನ್ನು ತೋರಿಸಿದಳು. ಎಲ್ಲರೂ ನನ್ನ ಕಡೆ ಗೌರವದಿಂದ ನೋಡಿದರು. ನನ್ನ ಜೀವನದಲ್ಲಿ ಬರವಣಿಗೆಗೆ ಸಿಕ್ಕ ಮರ್ಯಾದೆ ಅದೊಂದೇ. ಅದೂ ನಾನು ವಿರೋಧಿಸಿದ ಸೀನಿಗೆ.

ಜೂನಿನಲ್ಲಿ ಹುಡುಗಿ ಟ್ರಂಕು ಹೊತ್ತು ಸುರಪುರಕ್ಕೆ ಹೋದಳು. ಮುಂದೆ ಹದಿನೈದು ದಿನಕ್ಕೆ ತಾಯಿಯ ಉಡಕಿಯಾಯಿತು. ಸೀರೆಯನ್ನು ಖರೇನೇ ಭಾವನೇ ತಂದಿದ್ದ, ಕಡು ಹಸಿರಿನದು. ಅವಳು ಕಾಲುವೆ ದಂಡೆಯ ಮನೆಗೆ ಹೋದಳು. ರೊಟ್ಟಿಗೆ ಮೊದಲಿನಂತೆ ನಮ್ಮಲ್ಲಿಗೇ ಬರುತ್ತಿದ್ದಳು, ಸೀರಿಯಲ್ಲು ಮುಗಿಸಿಯೇ ಏಳುತ್ತಿದ್ದಳು. ಟಿವಿಯ ಅಡಿಗೆಯವಳ ಮದುವೆ ಮಾತ್ರ ಆಗಲಿಲ್ಲ. ಮದುಮಗನಾಗಬೇಕಿದ್ದ ನಟ ಇನ್ನೊಂದು ಚಾನೆಲ್ಲಿಗೆ ಹೋದದ್ದರಿಂದ ಅವನನ್ನು ಕಥೆಯಲ್ಲಿ ಲಾರಿಗೆ ಬಲಿ ಕೊಟ್ಟರು. ಅಂದು ಇವಳು, “ನಮ್ಮಂವ ಸೈಕಲ್ ಮ್ಯಾಲ ಕಾಲುವಿ ದಂಡಿಗೇ ತಿರಗತಾನ್ರಿ, ಅಲ್ಲಿ ಲಾರಿ ಬರಂಗಿಲ್ಲ” ಎಂದು ತಾನೇ ಸಮಾಧಾನ ಹೇಳಿಕೊಂಡಳು.

ಆಮೇಲೆ ಬಂತು ‘ಲೀಪ್’. ಒಂದು ಶುಕ್ರವಾರಕ್ಕೂ ಸೋಮವಾರಕ್ಕೂ ನಡುವೆ ಸೀರಿಯಲ್ಲಿನಲ್ಲಿ ಹತ್ತು ವರ್ಷ ಕಳೆದುಹೋದವು. ಪರೀಕ್ಷೆ ಮುಗಿಸಿದ ಪುಟ್ಟ ನಟಿ ಕಾಯುತ್ತಿದ್ದರೂ ಅವಳನ್ನು ಕೈಬಿಟ್ಟು, ಎತ್ತರದ ಹೊಸ ಹುಡುಗಿಯೊಬ್ಬಳನ್ನು ತಂದಿದ್ದರು. ಗೆಳತಿ ಸೀನು ಹೇಳಿದಳು: ಮಗಳು ಬೋರ್ಡಿಂಗಿನಿಂದ ಬರುತ್ತಾಳೆ, ಎಲ್ಲರೆದುರು “ಇವರು ನಮ್ಮ ಮನೆ ಅಡಿಗೆಯವರು” ಎನ್ನುತ್ತಾಳೆ. ತಾಯಿ ಕುಸಿಯುತ್ತಾಳೆ. ಕುಸಿಯುವಾಗಿನ ಮಾತು ನಿನ್ನದು.

ನಾನು ಬರೆಯುವುದಿಲ್ಲವೆಂದೆ. ಆಮೇಲೆ ಬರೆದೆ, ಮಗಳು ಗುರುತಿಸಿ ಓಡಿ ಬರುವಂತೆ ಬರೆದು ಕಳಿಸಿದೆ. ಬುಧವಾರ ಸಂಜೆ ಟಿವಿಯ ಮಗಳು ಕಪ್ಪು ಕನ್ನಡಕ ತೆಗೆದು, “ಇವರು ನಮ್ಮ ಮನೆ ಅಡಿಗೆಯವರು” ಎಂದಳು. ಅದಕ್ಕೆ ಮೂರು ಸಲ ಗುಡುಗು ಹಾಕಿದ್ದರು.

ನಮ್ಮ ಹೆಣ್ಣುಮಗಳು ನನ್ನತ್ತ ನೋಡಲಿಲ್ಲ. ಕೈ ತೊಳೆದುಕೊಂಡು ಬಂದು, “ನಾಳಿಗಿ ನಾ ಬರಂಗಿಲ್ರಿ. ಸುರಪುರಕ್ಕ ಹೋಗ್ತೀನಿ” ಎಂದಳು.

“ನಾನೂ ಬರ್ತೀನಿ.”

“ಬರ್ರಿ. ನೀವಾ ಬರ್ದದ್ದು, ನೀವಾ ನೋಡ್ರಿ.”

ಬಸ್ಸಿನ ಎಡಬಲಕ್ಕೆ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ತೊಡೆಯ ಮೇಲಿನ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಅವಳು ಎರಡೂ ಕೈಯಿಂದ ಹಿಡಿದಿದ್ದಳು. ನಾನು ನನ್ನದೇ ಲೆಕ್ಕದಲ್ಲಿದ್ದೆ. ಕಾನ್ವೆಂಟಿನಲ್ಲಿ ಮೊದಲ ರಜೆಗೆ ನನ್ನ ತಾಯಿ ಬಂದಾಗ ನಾನು ಅವಳಿಗೆ “ಗುಡ್ ಮಾರ್ನಿಂಗ್, ಮದರ್” ಎಂದಿದ್ದೆ. ಸಿಸ್ಟರ್ ಚಪ್ಪಾಳೆ ತಟ್ಟಿದ್ದರು. ತಾಯಿ ಏನು ಮಾಡಿದಳೆಂದು ನನಗೆ ನೆನಪಿಲ್ಲ. ಅದೊಂದು ಮಾತ್ರ ನೆನಪಿಲ್ಲ.

ಹಾಸ್ಟೆಲಿನಲ್ಲಿ ಹುಡುಗಿಯರು ಸಾಲೆಗೆ ಹೊರಡುವ ಹೊತ್ತು. ನೀಲಿ ಲಂಗದ ಒಂದು ದೊಡ್ಡ ಗುಂಪು ಗೇಟಿನತ್ತ ಬರುತ್ತಿತ್ತು. ತಾಯಿ ಗೋಡೆಗೆ ಒತ್ತಿ ನಿಂತಳು, ಕರೆಯಲಿಲ್ಲ. ಮಗಳು ತಾನೇ ನೋಡಲಿ ಎಂದು. ಗುಂಪಿನಲ್ಲೊಬ್ಬಳು, “ಯಾರ್ಲೇ ಅವರು, ನಿನ್ನಾ ನೋಡಾಕತ್ತಾರ?” ಎಂದು ಕೇಳಿದ್ದು ನಮಗೂ ಕೇಳಿಸಿತು.

“ನಮ್ಮವ್ವ” ಎಂದಿತು ಆ ಪೋರಿ, ದಾರಿಯ ಮೇಲಿನ ಬಸ್ಸು ತೋರಿಸಿದಷ್ಟು ಸಹಜವಾಗಿ. ಆಮೇಲೆ ಬಂದು ಡಬ್ಬಿಯ ಮುಚ್ಚಳ ತೆಗೆದು ಮೂಗು ಮುರಿಯಿತು. “ಬರೀ ಶೇಂಗಾ ಹಿಂಡಿ ತಂದೀಯಲ್ಲ ಬೇ! ಹೋಳಿಗಿ ಎಲ್ಲಿ? ಅಪ್ಪಗ ಮಾಡಿ ಹಾಕಿದಿಯೇನು ಎಲ್ಲ?”

ಗೇಟ್‌ಮ್ಯಾನಿಗೆ ಹುಡುಗಿ ಅಪ್ಪ ಅನ್ನುವುದು ಯಾವಾಗ ಶುರುವಾಗಿತ್ತೋ, ಯಾರು ಹೇಳಿಕೊಟ್ಟಿದ್ದರೋ. ತಾಯಿಗೂ ಅದು ಹೊಸದು ಎಂಬುದು ಅವಳ ಮುಖದಲ್ಲಿ ಕಂಡಿತು. ಅವಳು ಮಗಳ ಬೆನ್ನಿಗೊಂದು ಗುದ್ದಿದಳು. “ಬಾಯಿ ನೋಡು ಇಕೀದು. ನಡಿ ಸಾಲಿಗಿ” ಎಂದು, ಮಗಳ ಜಡೆಯನ್ನು ಬಿಚ್ಚಿ ಅಲ್ಲೇ ದಾರಿಯಲ್ಲಿ ಮತ್ತೆ ಹೆಣೆಯತೊಡಗಿದಳು. ಜಡೆ ಚೆನ್ನಾಗಿಯೇ ಇತ್ತು.

ಶಹಾಪುರಕ್ಕೆ ಬಂದು ಇಳಿದವಳೇ ನಾನು ಬೂತಿಗೆ ಹೋಗಿ ಗೆಳತಿಗೆ ಫೋನ್ ಹಚ್ಚಿದೆ. ಗೇಟು, ನೀಲಿ ಲಂಗ, ಶೇಂಗಾ ಹಿಂಡಿ, ಎಲ್ಲ ಹೇಳಿದೆ. ಮುಂದಿನ ಎಪಿಸೋಡಿನಲ್ಲಾದರೂ ಹೀಗೆ ತಿದ್ದಿರಿ, ಇನ್ನೂ ಕಾಲ ಮಿಂಚಿಲ್ಲ ಎಂದೆ. ಅವಳು ಕೊನೆಯವರೆಗೂ ಕೇಳಿದಳು.

“ತುಂಬಾ ಸ್ವೀಟ್ ಆಗಿದೆ ಡಿಯರ್” ಎಂದಳು. “ಆದ್ರೆ ಗೇಟಲ್ಲೇ ಗುರುತು ಹಿಡಿದುಬಿಟ್ರೆ ನಾಳೆ ಏನು ತೋರಿಸ್ಲಿ?”

ನಾನು ಫೋನಿನ ದುಡ್ಡು ಕೊಟ್ಟೆ. ಬೂತಿನ ಹೊರಗೆ ನಮ್ಮ ಹೆಣ್ಣುಮಗಳು ಬೆಲ್ಲದ ಅಂಗಡಿಯವನ ಜೊತೆ ಗಟ್ಟಿ ದನಿಯಲ್ಲಿ ಚೌಕಾಶಿ ನಡೆಸಿದ್ದಳು. ಬರುವ ರವಿವಾರಕ್ಕೆ ಎಷ್ಟು ಹೋಳಿಗೆ ಎಂದು ನನ್ನನ್ನು ಕೇಳಿದಳು. ಹಾಸ್ಟೆಲಿನಲ್ಲಿ ಹಂಚಿ ತಿನ್ನಬೇಕಾಗುತ್ತದೆ, ನನಗೆ ಗೊತ್ತು. ಮೂವತ್ತಾದರೂ ಇರಲಿ ಎಂದೆ.