ನಡುವೆ ಇಟ್ಟ ಕಂಪ್ರೆಸರ್

ಇವತ್ತು ಬೆಳಿಗ್ಗೆ ನಮ್ಮನೆಯವರ ಅಂಗಿ ನೆನೆಹಾಕೋಕೆ ಎತ್ತಿಕೊಂಡೆ. ಗಪ್ಪಂತ ವಾಸನೆ ಹೊಡೀತು. ಲಾರಿ ಓಡಿಸೋರ ಬಟ್ಟೇಲಿ ಡೀಸೆಲ್ ವಾಸನೆ ಇರೋದೇ, ಅದೇನು ಹೊಸದಲ್ಲ. ಆದ್ರೆ ಇದು ಬಿಚ್ಚಿದ ಎಂಜಿನ್ನಿನ ವಾಸನೆ... ಸುಟ್ಟ ಆಯಿಲ್ಲು, ಡೀಸೆಲ್ಲಲ್ಲಿ ತೊಳೆದ ಕಬ್ಬಿಣ. ಹಿಂದೊಂದ್ಸಲ ಎಂಜಿನ್ ಬದಲಾಯಿಸಿದಾಗ್ಲೂ ಇದೇ ವಾಸನೆ ಇತ್ತು. ವಾರದಿಂದ "ಸಣ್ಣ ರಿಪೇರಿ ಕಣೇ" ಅಂತಿದ್ದ ಮನುಷ್ಯ ಎಂಜಿನ್ನನ್ನೇ ಬದಲಾಯಿಸಿದ್ದಾರೆ! ಉಸ್ತಾದ್ ನೆನಪಾದ್ರು.

ಉಸ್ತಾದ್ ಅಂದ್ರೆ ನಮ್ಮ ಲಾರಿ ಮೆಕ್ಯಾನಿಕ್ಕು; ಮನೆ ಶಿವಾಜಿನಗರದಲ್ಲಿ, ರಿಪೇರಿ ಶೆಡ್ ಕೆ.ಆರ್.ಪುರಂನಲ್ಲಿ ಇತ್ತು. ನಾವು ಯಾದಗಿರಿ ಕಡೆಯಿಂದ ಬಂದು ಮರ್ಫಿ ಟೌನಲ್ಲಿ ಬಾಡಿಗೆ ರೂಮು ಹಿಡಿದ ಹೊಸತರಲ್ಲಿ ನಮ್ಮ ಲಾರಿ ಎಂಜಿನ್ ಜಾಮ್ ಆಗಿ ನಿಂತುಬಿಟ್ಟಿತ್ತು. ನಮ್ಮನೆಯವರು ಗುಜರಿಯಿಂದ ಬೇರೆ ಎಂಜಿನ್ ತಂದರು. ಆಕ್ಸಿಡೆಂಟ್ ಆದ ಲಾರೀದಂತೆ ಅದು. ಅದನ್ನ ಕೇಳಿದಾಗಿಂದ ನಂಗೆ ಅನ್ನ ಸೇರ್ತಿರಲಿಲ್ಲ.

ಒಂದಿನ ಉಸ್ತಾದ್ ನನ್ನನ್ನೂ ಶೆಡ್ಡಿಗೆ ಕರೆಸಿದರು. ನೆಲದ ಮೇಲೆ ಗೋಣಿಚೀಲ ಹಾಸಿ ಸಾಮಾನೆಲ್ಲ ಜೋಡಿಸಿದ್ದರು. ಎಡಕ್ಕಿದ್ದದ್ದು ಬಿಸಾಕೋದು: ಕ್ಲಚ್ ಪ್ಲೇಟು, ರೇಡಿಯೇಟರ್ ಪೈಪು, ಎಂಜಿನ್ ಕೂರಿಸೋ ರಬ್ಬರು. ಬಲಕ್ಕಿದ್ದದ್ದು ಉಳಿಯೋದು. ನಡುವೆ ಎರಡು ಕಂಪ್ರೆಸರ್ ಮಾತ್ರ ಇದ್ದವು. ಒಂದು ನಮ್ಮದು, ಇನ್ನೊಂದು ಆ ಲಾರೀದು.

"ಬ್ರೇಕ್ ಹಿಡಿಯೋದು ಗಾಳಿಯಿಂದಮ್ಮಾ. ಆ ಗಾಳಿ ತುಂಬೋದು ಇದು," ಅಂದರು ಉಸ್ತಾದ್.

ಅಯ್ಯೋ ಶಿವನೇ! ಅಷ್ಟು ದೊಡ್ಡ ಲಾರಿ ಗಾಳಿ ನಂಬಿ ನಿಲ್ಲುತ್ತೆ ಅಂತ ನಂಗೇನು ಗೊತ್ತು? ನಮ್ಮದು ಆಗಲೇ ಆಯಿಲ್ ಕಾರ್ತಿತ್ತಂತೆ. ಆ ಲಾರೀದರ ಕಥೆ ಯಾರಿಗೂ ಗೊತ್ತಿಲ್ಲ. ಹೊಸದು ಬರೋವರೆಗೂ ಕಾದರೆ ಮಂಗಳೂರಿನ ಲೋಡು ಕೈಬಿಟ್ಟು ಹೋಗುತ್ತೆ. ಶಿರಾಡಿ ಘಾಟಿ ಇಳೀಬೇಕಾದ ಲೋಡು ಅದು.

"ಆ ಲಾರಿ ಡ್ರೈವರ್ ಏನಾದ?" ಅಂತ ಕೇಳಿದೆ. ಉಸ್ತಾದ್ ಕೈ ಒರೆಸಿಕೊಳ್ತಾ ಆ ಲಾರಿಯ ಕಂಪ್ರೆಸರನ್ನ ಕಾಲಿಂದ ಸ್ವಲ್ಪ ಆಚೆ ಸರಿಸಿದರು...

"ನಮ್ದೇ ಹಾಕಿ ಉಸ್ತಾದ್, ನಡೆಯುತ್ತೆ. ಬಂದ್ಮೇಲೆ ನೋಡ್ಕೊಳ್ಳೋಣ," ಅಂದರು ನಮ್ಮನೆಯವರು.

"ಡ್ರೈವರ್ ಬಾಯಲ್ಲಿ ಯಾವಾಗ್ಲೂ ನಡೆಯುತ್ತೆ ಅಂತ್ಲೇ ಬರೋದು. ನಡುವೆ ಇಟ್ಟಿದ್ದನ್ನ ನಾನು ಮನೇಲಿ ಕಾಯೋರ್ನ ಕೇಳ್ತೀನಿ. ನೀನು ಹೇಳು ಬೇಟಿ."

ಅವರ ಪದ್ಧತಿಯೇ ಅದು. ಅನುಮಾನದ ಸಾಮಾನಿಗೆ ಡ್ರೈವರ್ ಹೆಂಡತಿಯದೋ ತಾಯಿಯದೋ ಮಾತೇ ಕೊನೆ. ಬೇರೆ ಶೆಡ್ಡಿನವರು ನಗ್ತಿದ್ದರಂತೆ, ಇವರು ಕ್ಯಾರೇ ಅಂತಿರಲಿಲ್ಲ.

"ಹೊಸದೇ ಹಾಕ್ರೀ, ಲೋಡು ಹೋದ್ರೆ ಹೋಗ್ಲಿ," ಅಂದೆ. ಉಸ್ತಾದ್ ಎರಡನ್ನೂ ಎತ್ತಿ ಎಡಕ್ಕಿಟ್ಟರು. ನಮ್ಮ ಯಜಮಾನ್ರು ಮುಖ ಊದಿಸಿಕೊಂಡು ಲೋಡಿನವರಿಗೆ ಫೋನ್ ಮಾಡೋಕೆ ಹೊರಗೆ ಹೋದರು.

ಆಮೇಲೆ ಎಷ್ಟು ಸಲ ಘಾಟಿ ಇಳಿದರೋ, ಏನೂ ಆಗಲಿಲ್ಲ. "ನೋಡು, ಸುಮ್ನೆ ಒಂದು ಲೋಡು ಕಳೆದೆ" ಅಂತ ಇವತ್ತಿಗೂ ಹಂಗಿಸ್ತಾರೆ. ಆಗದೇ ಇದ್ದದ್ದನ್ನ ನಾನು ಎಲ್ಲಿಂದ ತಂದು ತೋರಿಸಲಿ?

ಉಸ್ತಾದ್ ಹೋದ ವರ್ಷ ತೀರಿಕೊಂಡರು. ಶೆಡ್ಡು ಈಗ ಬೇರೆಯವರದು. ಕೆಲಸ ಚುರುಕಂತೆ, ಮಾತು ಕಮ್ಮಿಯಂತೆ.

ಅಂಗಿ ಬಕೆಟ್ಟಿಗೆ ಹಾಕಿ ಫೋನ್ ಮಾಡಿದೆ. ಅವರು ಬೆಳಗಾಗೋ ಮುಂಚೆಯೇ ಹೊರಟಿದ್ದರು.

"ಎಂಜಿನ್ ಬದಲಾಯಿಸಿದ್ರಾ? ಕಂಪ್ರೆಸರ್ ಯಾವ್ದು ಹಾಕಿದ್ರು?"

"ಹಳೇದೇ ಕಣೇ, ನಡೆಯುತ್ತೆ ಬಿಡು. ಹಾಸನ ದಾಟಿದೀನಿ, ಇಡ್ತೀನಿ."

ಹಾಸನ ದಾಟಿದ ಮೇಲೆ ಘಾಟಿ ಎಷ್ಟು ದೂರ... ಮತ್ತೆ ಮಾಡಿದರೆ ರಿಂಗ್ ಆಗ್ತಿದೆ, ಎತ್ತುತ್ತಿಲ್ಲ. ಉಸ್ತಾದ್, ಈ ಸಲ ನನ್ನ ಯಾರೂ ಕೇಳಲಿಲ್ಲ.