ಗೋವಿನಜೋಳದ ಕಿವಿಹುಳ

ಲಿಂಗಂಪಲ್ಲಿಯಲ್ಲಿ ನಮ್ಮ ಬಾಡಿಗೆ ಮನೆಯ ಎದುರು, ರಸ್ತೆಯ ಆಚೆ ಒಂದು ಖಾಲಿ ಪ್ಲಾಟಿತ್ತು. ಸುತ್ತ ಸಾಫ್ಟ್‌ವೇರ್ ಕಂಪನಿಯವರಿಗಾಗಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಮಣ್ಣಿನ ಟಿಪ್ಪರುಗಳು ಹಗಲಿಡೀ ಓಡಾಡುತ್ತಿದ್ದವು. ನಮ್ಮ ಜೊತೆ ಇರಲು ಬೀದರ್ ಕಡೆಯಿಂದ ಬಂದ ಅತ್ತೆ, ಪ್ಲಾಟಿನವರನ್ನು ಕೇಳಿ ಅಲ್ಲಿ ಗೋವಿನಜೋಳ ಹಾಕಿದರು. ಈ ಊರಿನಲ್ಲಿ ಅವರಿಗೆ ತಮ್ಮದು ಎನ್ನುವುದಕ್ಕೆ ಇದ್ದದ್ದು ಅದೊಂದೇ.

ಅತ್ತೆಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಹೊಲದಲ್ಲಿ ಮಲಗಿದ್ದಾಗ ಕಿವಿಹುಳ ಹೊಕ್ಕು ತಿಂದುಬಿಟ್ಟಿತು ಎಂದು ಅವರು ನಂಬಿದ್ದರು. ಬಾಲದ ತುದಿಗೆ ಇಕ್ಕಳವಿರುವ ಕಂದು ಹುಳ ಅದು. ಕಿವಿಗೆ ಹೋಗುವುದೆಲ್ಲ ಕಟ್ಟುಕತೆ ಎಂದು ಡಾಕ್ಟರು ಹೇಳಿದರೂ ಒಪ್ಪಲಿಲ್ಲ. ಬಲಗಿವಿ ಮಾತ್ರ ಬಲು ಚುರುಕು. ನಾನು ಅಡುಗೆಮನೆಯಲ್ಲಿ ಗೊಣಗಿದ್ದು ಅಂಗಳದಲ್ಲಿ ಕೂತವರಿಗೆ ಕೇಳಿಸುತ್ತಿತ್ತು. ಅದರ ಫಲ ನಾನು ಸಾಕಷ್ಟು ಉಂಡಿದ್ದೇನೆ.

ಜೋಳ ಎದೆಯೆತ್ತರ ಬಂದಾಗ ಸುಳಿಗಳಲ್ಲಿ ಆ ಹುಳ ಕಾಣಿಸಿತು. ಅತ್ತೆ ಸಂಜೆ ಒದ್ದೆ ಗೋಣಿಚೀಲ ಸುತ್ತಿ ಸಾಲುಗಳ ನಡುವೆ ಇಟ್ಟು, ಬೆಳಿಗ್ಗೆ ಅದರೊಳಗೆ ಅಡಗಿದವನ್ನೆಲ್ಲ ಕುದಿಯುವ ನೀರಿಗೆ ಕೊಡವುತ್ತಿದ್ದರು. ಹುಳ ಕಡಿಮೆಯಾಯಿತು, ಆದರೆ ಎಲೆಯ ರಸ ಹೀರುವ ಸಸ್ಯಹೇನು ಮುತ್ತಿಕೊಂಡಿತು. ಎಲೆ ಅಂಟಂಟಾಗಿ ಕಪ್ಪಿಟ್ಟಿತು, ಸುಳಿ ಬಿಚ್ಚಿಕೊಳ್ಳಲಾರದೆ ಮುದುಡಿತು. ಬೆಳೆ ಕೈಬಿಟ್ಟಿತೆಂದು ಅತ್ತೆ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಒಂದು ಮುಂಜಾನೆ ಎಲೆ ಬಿಡಿಸಿ ನೋಡುತ್ತಿದ್ದವರು ನನ್ನನ್ನು ಕರೆದರು. ಉಳಿದುಕೊಂಡಿದ್ದ ಒಂದು ಕಿವಿಹುಳ ಹೇನುಗಳನ್ನು ಒಂದೊಂದಾಗಿ ತಿನ್ನುತ್ತಿತ್ತು. ಅತ್ತೆ ಬಹಳ ಹೊತ್ತು ನೋಡಿದರು.

"ಇದು ನಮ್ಮ ಕೆಲಸಾನ ಮಾಡಾಕತ್ತೈತಿ," ಎಂದರು. "ಇರಲಿ ಬಿಡವಾ. ನನ್ನ ಕಿವಿ ನಾ ನೋಡ್ಕೋತೀನಿ."

"ಅದು ಕಿವ್ಯಾಗ ಹೋಗಂಗಿಲ್ರಿ, ಅತ್ತಿ."

"ಹೋದ ಕಿವಿ ನಂದು, ನಿಂದಲ್ಲ."

ಅಂದಿನಿಂದ ಗೋಣಿಚೀಲ ಇಡುವುದು ನಿಂತಿತು. ಪ್ಲಾಟಿಗೆ ಹೊರಟಾಗಲೆಲ್ಲ ಬಲಗಿವಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ತಲೆಗೆ ಸೆರಗು ಹೊದ್ದು ಹೋಗುತ್ತಿದ್ದರು. ಬರಬರುತ್ತ ಹೇನು ಇಳಿಯಿತು. ಹೊಸ ಎಲೆ ಹಸಿರಾಗಿ ಬಂತು, ತೆನೆಯೂ ಕಟ್ಟಿತು. ಅತ್ತೆ ಮತ್ತೆ ಹೊಟ್ಟೆ ತುಂಬ ರೊಟ್ಟಿ ತಿಂದರು.

ತೆನೆ ಮುರಿಯುವ ಮೊದಲೇ, ಪ್ಲಾಟಿಗೆಂದು ರಸ್ತೆ ದಾಟುತ್ತಿದ್ದ ಅವರಿಗೆ ಟಿಪ್ಪರ್ ಬಡಿಯಿತು. ಅಲ್ಲೇ ಹೋದರು. ಹಾರ್ನ್ ಹೊಡೆಯುತ್ತಲೇ ಬಂದೆ, ಸರಿಯುತ್ತಾರೆ ಅಂದುಕೊಂಡೆ ಎಂದು ಚಾಲಕ ಅತ್ತ. ಹಾರ್ನಿನ ಮಾತು ಸುಳ್ಳಲ್ಲ. ಮನೆಯೊಳಗಿದ್ದ ನನಗೂ ಕೇಳಿಸಿತ್ತು.

ಮಣ್ಣು ಮಾಡಲು ಬಂದವರೆಲ್ಲ, ಪಾಪ, ಕಿವುಡಿ, ಕೇಳಿಸಿರಲಿಕ್ಕಿಲ್ಲ ಎಂದರು. ಅವರ ಬಲಗಿವಿ ಎಂಥದೆಂದು ಇವರಿಗೇನು ಗೊತ್ತು? ಸ್ನಾನ ಮಾಡಿಸುವಾಗ ಅದರೊಳಗಿನ ಹತ್ತಿ ತೆಗೆದವಳು ನಾನು.