ಪಾಲಣ್ಣ ಮೇಷ್ಟ್ರು ಬಳಿದ ತುಕ್ಕು

ತೇಜಶ್ರೀ, ಚಿತ್ರಕಲಾ ಶಿಕ್ಷಕಿ, ಮೊಳಕಾಲ್ಮೂರು

ಚಿತ್ರಕಲಾ ಶಿಕ್ಷಕರೆಂದರೆ ರಾಷ್ಟ್ರೀಯ ಹಬ್ಬಗಳಿಗೆ ಕಪ್ಪು ಹಲಗೆಯ ಮೇಲೆ ಬಾವುಟ ಬರೆಯುವವರು, ಬೇರೆ ಮೇಷ್ಟ್ರು ರಜೆ ಹಾಕಿದ ದಿನ ಆ ತರಗತಿಯ ಗದ್ದಲ ಅಡಗಿಸುವವರು ಎಂಬ ತಿಳಿವಳಿಕೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬೇರೂರಿದ್ದ ಕಾಲದಲ್ಲಿ, ಆ ಹುದ್ದೆಗೆ ವಿದ್ಯೆಯ ಘನತೆಯನ್ನು ತಂದುಕೊಟ್ಟವರು ನನ್ನ ಗುರುಗಳಾದ ಶ್ರೀ ಪಾಲಣ್ಣನವರು. ರಟ್ಟು, ಬೆಂಡು, ಜೇಡಿಮಣ್ಣಿನಲ್ಲಿ ಪುಟ್ಟ ಮಾದರಿಗಳನ್ನು ಕಟ್ಟಿ, ಬರೀ ಬಣ್ಣದಿಂದಲೇ ಅವುಗಳ ಮೇಲೆ ಕಬ್ಬಿಣ, ಹಿತ್ತಾಳೆ, ತಾಮ್ರಗಳನ್ನು ಬರಿಸುವ ಕಲೆಯಲ್ಲಿ ಅವರಿಗೆ ಸಾಟಿಯಾದವರನ್ನು ನಾನಂತೂ ಕಂಡಿಲ್ಲ. ಈ ತಿಂಗಳು ಅವರು ನಿವೃತ್ತರಾಗುತ್ತಿದ್ದಾರೆ. ಈ ಸಂಪುಟಕ್ಕೆ ಲೇಖನ ಕೇಳಿದ ಅಭಿನಂದನ ಸಮಿತಿಯವರು “ಒಳ್ಳೆಯದನ್ನಷ್ಟೇ ಬರೆಯಿರಿ” ಎಂದು ಸೂಚಿಸಿದ್ದಾರೆ. ಒಳ್ಳೆಯದನ್ನು ಬರೆಯುತ್ತೇನೆ. ಕೋಪವನ್ನೂ ಬರೆಯುತ್ತೇನೆ, ಏಕೆಂದರೆ ಅದನ್ನು ನುಂಗಿಕೊಂಡು ಕೈಮುಗಿಯುವಷ್ಟು ಸಂಯಮ ಈ ವಾರ ನನ್ನಲ್ಲಿ ಉಳಿದಿಲ್ಲ.

ಚಳ್ಳಕೆರೆ ಬಳಿಯ ನನ್ನಿವಾಳದ ಕುರಿಗಾಹಿ ಮನೆತನದಲ್ಲಿ ಹುಟ್ಟಿ, ಓದಿ, ಮೇಷ್ಟ್ರಾಗಿ ಅವರು ಮೊದಲು ಬಂದದ್ದು ನಮ್ಮ ಮೊಳಕಾಲ್ಮೂರಿನ ಪ್ರೌಢಶಾಲೆಗೆ. ಮೊದಲ ದಿನವೇ ಮೇಜಿನ ಮೇಲೊಂದು ಸ್ಟೀಲ್ ಚೊಂಬು ಇಟ್ಟು, ಇದರ ಬಣ್ಣ ಯಾವುದೆಂದು ಕೇಳಿದರು. “ಬೆಳ್ಳಿ ಬಣ್ಣ ಸಾರ್” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು.

“ಬೆಳ್ಳಿ ಬಣ್ಣ ಎಲ್ಲೈತೆ? ಬಾ, ಬೆರಳಿಟ್ಟು ತೋರ್ಸು” ಎಂದರು.

ಹೋಗಿ ನೋಡಿದೆ. ಚೊಂಬಿನ ಹೊಟ್ಟೆಯ ಮೇಲೆ ಕಿಟಕಿಯ ಬಿಳುಪಿತ್ತು, ಬಾಗಿಲ ಸಂದಿಯ ಕಪ್ಪಿತ್ತು, ನನ್ನ ಲಂಗದ ನೀಲಿಯಿತ್ತು, ಸೊಟ್ಟಗಾದ ನನ್ನ ಮುಖವಿತ್ತು. ಬೆಳ್ಳಿ ಬಣ್ಣ ಮಾತ್ರ ಎಲ್ಲೂ ಇರಲಿಲ್ಲ. ನಾನು ಅಂಗಡಿಯಿಂದ ತಂದಿದ್ದ ಬೆಳ್ಳಿ ಬಣ್ಣದ ಡಬ್ಬಿಯನ್ನು ಅವರು ಹಿಂದಕ್ಕೆ ಕೊಟ್ಟು, “ಇದನ್ನ ಮನೆ ಗೇಟಿಗೆ ಬಳಿಯಾಕೆ ಇಟ್ಕೋ” ಎಂದರು. ಲೋಹಕ್ಕೆ ಬಣ್ಣ ಬಳಿಯುವುದಲ್ಲ, ಅದರ ಎದುರಿಗೆ ಏನಿದೆಯೋ ಅದನ್ನು ಬಳಿಯುವುದು ಎಂಬುದು ನಾವು ಕಲಿತ ಮೊದಲ ಪಾಠ.

ಹಿತ್ತಾಳೆಗೆ ಹಳದಿಯಿಂದ ಶುರು ಮಾಡುವವನು ಕೆಟ್ಟ ಎನ್ನುತ್ತಿದ್ದರು. ಮೊದಲು ಕಡುಕಂದು, ಅದರೊಳಗೆ ತುಸು ಹಸಿರು, ಆಮೇಲೆ ಕಾವಿ, ಆಮೇಲೆ ಹಳದಿ, ಕಟ್ಟಕಡೆಗೆ ಸಾಸಿವೆಯಷ್ಟು ಬಿಳುಪು. ಅಂಚುಗಳ ಸವೆತಕ್ಕೆ ಬ್ರಷ್ಷನ್ನು ಬಟ್ಟೆಗೆ ಒರೆಸಿ ಒರೆಸಿ, ಇನ್ನು ಬಣ್ಣವೇ ಉಳಿದಿಲ್ಲ ಅನ್ನಿಸಿದಾಗ ಮೆಲ್ಲಗೆ ಎಳೆಯಬೇಕು. ನನಗೆ ಮಾತ್ರ ಇದು ಬಹಳ ಕಾಲ ಒಲಿಯಲಿಲ್ಲ. ನೇಕಾರರ ಮನೆಯ ಹುಡುಗಿ ನಾನು, ಹೊಳಪೆಂದರೆ ಉದ್ದಕ್ಕೂ ಹೊಳೆಯಬೇಕು ಎಂದು ಮಾದರಿಯ ಮೈಗೆಲ್ಲ ಬಿಳಿ ಗೀರು ಎಳೆದುಬಿಡುತ್ತಿದ್ದೆ. ಒಂದು ಭಾನುವಾರ ಅವರು ನಮ್ಮ ಮನೆಗೇ ಬಂದರು. ಮಗ್ಗದ ಗುಂಡಿಯಲ್ಲಿದ್ದ ಅವ್ವ ಗಾಬರಿಯಾಗಿ, “ಏಮಿ ಸಾರೂ, ನಮ್ಮ ಪಾಪ ಏನಾರ ತಪ್ಪು ಮಾಡೈತಾ?” ಎಂದು ಕೇಳಿದಳು.

“ತಪ್ಪು ನಿಮ್ದೇ ತಾಯಿ. ಮನೆ ತುಂಬ ಜರಿ ಹರವ್ಕೊಂಡು ಹುಡುಗಿ ಕಣ್ಣು ಕೆಡ್ಸೀರಿ” ಎಂದು ನಕ್ಕು, ಮುಗಿದ ಸೀರೆಯೊಂದನ್ನು ಬಿಸಿಲಿಗೆ ಹಿಡಿಸಿದರು. ನೆರಿಗೆಯ ಉಬ್ಬಿದ ಏಣಿನ ಮೇಲಷ್ಟೇ ಜರಿ ಮಿಂಚಿತು, ಉಳಿದ ಅಂಚೆಲ್ಲ ಬೆಲ್ಲದ ಕಂದು. ಹುಟ್ಟಿದಾಗಿನಿಂದ ಸೀರೆಗಳನ್ನು ಮಡಿಚಿಡುತ್ತಲೇ ಬೆಳೆದಿದ್ದರೂ, ಸೀರೆಯನ್ನು ನಾನು ನಿಜವಾಗಿ ನೋಡಿದ್ದು ಅವತ್ತೇ ಮೊದಲು. ನನ್ನನ್ನು ಚಿತ್ರಕಲಾ ತರಬೇತಿಗೆ ಕಳಿಸಲು ಅಪ್ಪ ಒಪ್ಪುವವರೆಗೂ ಅವರು ಹಾಗೆಯೇ ಎಷ್ಟೋ ಭಾನುವಾರ ಬಂದು ನಮ್ಮ ಮಗ್ಗದ ಪಕ್ಕ ಚಹಾ ಕುಡಿದರು. ಹೊರಡುವ ದಿನ ತಮ್ಮ ಸ್ವಂತದ ಒಳ್ಳೆಯ ಬ್ರಷ್ಷನ್ನೇ ಕೊಟ್ಟು, “ತುದಿ ಕೆಡ್ಸಿದ್ರೆ ಬೈತೀನಿ ನೋಡು” ಎಂದು ಹರಸಿದರು.

ಮುಂದೆ ಅವರಿಗೆ ಚಳ್ಳಕೆರೆಗೆ ವರ್ಗವಾಯಿತು. ಊರಿನ ಹಳೆಯ ಎಣ್ಣೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿ, ಯಂತ್ರಗಳು ಗುಜರಿಗೆ ಹೋಗುತ್ತಿದ್ದುದನ್ನು ಕಂಡು, ಶೇಂಗಾ ಹಿಂಡುವ ಅಂಥದೊಂದು ಯಂತ್ರವನ್ನು ಮೊಳದುದ್ದದ ಮಾದರಿಯಾಗಿ ಉಳಿಸಲು ಹೊರಟರು. ಅಳತೆ ಇತ್ತು, ಫೋಟೋ ಇತ್ತು. ಕೈ ಎಲ್ಲೆಲ್ಲಿ ತಾಗುತ್ತಿತ್ತು ಎಂಬುದು ಮಾತ್ರ ಫೋಟೋದಲ್ಲಿ ಇರಲಿಲ್ಲ. ಕೈ ತಾಗಿದ ಕಬ್ಬಿಣ ಬೆಳ್ಳಗೆ ಸವೆಯುತ್ತದೆ, ತಾಗದ್ದು ತುಕ್ಕು ಹಿಡಿಯುತ್ತದೆ, ಅದು ಗೊತ್ತಿಲ್ಲದೆ ಬಣ್ಣ ಹಚ್ಚುವುದು ಸುಳ್ಳು ಹೇಳಿದಂತೆ ಎಂದು, ಆ ಯಂತ್ರವಿದ್ದ ಮಿಲ್ಲಿನಲ್ಲಿ ಆಯುಷ್ಯವಿಡೀ ದುಡಿದಿದ್ದ ಯರ್ರಮ್ಮನನ್ನು ಹುಡುಕಿ ಕರೆತಂದರು. ಆಕೆ ಬರಿಗಾಳಿಯಲ್ಲಿ ಕೈಯಾಡಿಸಿ, “ಈ ಬಾಯಿಗೆ ಎಡಗೈ ಊರ್ತಿದ್ದೆ ಸಾಮಿ, ಬಲಗೈಲಿ ಬೀಜ ತಳ್ತಿದ್ದೆ” ಎಂದು ತೋರಿಸಿದಳು. ಮೇಷ್ಟ್ರು ಬಣ್ಣದ ಮೇಲೆ ಉಪ್ಪು ಚೆಲ್ಲಿ, ಇನ್ನೊಂದು ಬಣ್ಣ ಹೊಡೆದು, ಉಪ್ಪು ಉದುರಿಸಿ ತುಕ್ಕಿನ ಚಕ್ಕೆ ಎಬ್ಬಿಸಿದರು. ಹಿಂಡಿಯ ಧೂಳು, ಎಣ್ಣೆಯ ಜಿಡ್ಡು, ಬೀಜ ಸುರಿಯುವ ಬಾಯಿಯ ಎಡಕ್ಕೆ ಅಂಗೈ ಸವೆಸಿದ ಒಂದು ಬೆಳ್ಳನೆಯ ಗುರುತು. ವರ್ಷಗಟ್ಟಲೆ ಹಿಡಿದ ಕೆಲಸ ಅದು. ಮುಗಿದ ಮೇಲೆ ನೋಡಲು ಬಂದ ಯರ್ರಮ್ಮ ಬೆರಳು ಚಾಚಿ, ಸುಟ್ಟೀತೆಂದು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಒಮ್ಮೆ ಶಾಲೆಗೆ ಬಂದ ಗುಜರಿ ವ್ಯಾಪಾರಿ ಉಸಿರು ಬಿಗಿಹಿಡಿದು ಎರಡೂ ಕೈಯಲ್ಲಿ ಅದನ್ನೆತ್ತಲು ಹೋಗಿ, ಅದು ಹಗುರಕ್ಕೆ ತಲೆಯ ಮೇಲಕ್ಕೇ ಹಾರಿದಾಗ “ಅರೆ ಅಲ್ಲಾ, ರಟ್ಟು!” ಎಂದು ಕುಸಿದು ಕೂತ.

ಇಂಥ ಮಾದರಿಗೆ ಏನಾಯಿತೆಂದು ಇನ್ನು ಹೇಳಬೇಕು. ಸಮಿತಿಯ ಸಂಚಾಲಕರೂ ಅದೇ ಶಾಲೆಯ ಮೇಷ್ಟ್ರೂ ಆದ ಶ್ರೀ ಹನುಮಂತರಾಯರು ಅದನ್ನು ಸಮಾರಂಭದ ವೇದಿಕೆಯ ಮೇಲೆ ಇಡಿಸಬೇಕೆಂದು ಬಯಸಿದರು. ಬಯಕೆ ಒಳ್ಳೆಯದೇ. ಆದರೆ ಆಯುಧಪೂಜೆ ಬಂತೆಂದರೆ ಪಂಪ್‌ಸೆಟ್ಟಿನಿಂದ ಟ್ರ್ಯಾಕ್ಟರಿನವರೆಗೆ ತೊಳೆದು, ಉಜ್ಜಿ, ಬಣ್ಣ ಹೊಡೆಯದೆ ಕುಂಕುಮ ಇಡದ ಸೀಮೆ ನಮ್ಮದು. ಪೇಂಟರನ್ನು ಕರೆಸಿ, ಮೊದಲು ಮರಳುಕಾಗದದಲ್ಲಿ ತುಕ್ಕು ಉಜ್ಜಿಸಿದರು. ತುಕ್ಕು ಹೋಗಿ ರಟ್ಟು ಎದ್ದಿತು. ಆಗಲಾದರೂ ನಿಲ್ಲಿಸಬಾರದೇ? ಎದ್ದ ಕಡೆ ಪುಟ್ಟಿ ಮೆತ್ತಿಸಿ, ಮೈಗೆಲ್ಲ ಬಂಗಾರದ ಬಣ್ಣ, ಚಕ್ರಕ್ಕೆ ಬೆಳ್ಳಿ ಬಣ್ಣ ಸ್ಪ್ರೇ ಹೊಡೆಸಿದರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂಬ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ನಾನು ಹೋಗಿ ನೋಡಿ ಕೂಗಾಡಿದೆ. ಹನುಮಂತರಾಯರು ಮುಖ ಸಣ್ಣದು ಮಾಡಿಕೊಂಡು, “ತುಕ್ಕು ಹಿಡಿದಿತ್ತಲ್ಲಮ್ಮ. ಸಾರ್ ಫಂಕ್ಷನ್ನಾಗೆ ತುಕ್ಕು ಹಿಡಿದಿದ್ದು ಇಟ್ರೆ ಜನ ಏನಂದಾರು?” ಎಂದರು.

“ಆ ತುಕ್ಕನ್ನ ಸಾರೇ ಬಳಿದಿದ್ದು ರೀ!” ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟರು. ಅವರ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ, ಹೊಟ್ಟೆ ಉರಿಯುವುದೂ ಅದಕ್ಕೇ. ದ್ವೇಷದಿಂದ ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ಜೊತೆಯಲ್ಲೇ ಕೆಲಸ ಮಾಡಿದವರು, ದಿನವೂ ಆ ಚಿತ್ರಕಲಾ ಕೋಣೆಯ ಮುಂದೆ ಓಡಾಡಿದವರು ಒಂದು ದಿನವೂ ಒಳಗೆ ಬಂದು ಇದೇನೆಂದು ಕೇಳಲಿಲ್ಲವಲ್ಲ! ಸ್ಪ್ರೇ ಬಣ್ಣ ತೆಗೆಯಲು ಹೋದರೆ ಕೆಳಗೆ ಅಳಿದುಳಿದದ್ದೂ ಎದ್ದು ಬರುತ್ತದೆ. ಅದನ್ನು ಹೊಸದಾಗಿಯೇ ಬಳಿಯಬೇಕು.

ಮೇಷ್ಟ್ರು ಬಂದು ನೋಡಿದರು. ಮರುದಿನ ಯರ್ರಮ್ಮನನ್ನು ಕೈಹಿಡಿದು ಕರೆತಂದರು. ಆಕೆಗೆ ಈಗ ನಡೆಯುವುದೇ ಕಷ್ಟ. ಬಂಗಾರದ ಯಂತ್ರದ ಮುಂದೆ ಕೂರಿಸಿ, ಕೈ ಎಲ್ಲಿ ಊರುತ್ತಿದ್ದಿರಿ, ಇನ್ನೊಂದು ಸಲ ತೋರಿಸಿ ಎಂದು ಸೀಸದಕಡ್ಡಿ ಹಿಡಿದು ಕಾದರು. ಆಕೆ ಅತ್ತಿತ್ತ ನೋಡಿ, “ಯಾರ ಮಿಲ್ಲಿದು ಸಾಮಿ?” ಎಂದಳು.

“ನಿಮ್ದೇ ಕಣಮ್ಮ.”

“ನಮ್ದಲ್ಲ ಬಿಡ್ರಿ” ಎಂದಳು ಯರ್ರಮ್ಮ. “ನಮ್ದು ಕೆಲ್ಸ ಮಾಡ್ತಿತ್ತು.”

ಅವತ್ತು ಮೇಷ್ಟ್ರು ಶಾಲೆಯವರನ್ನು ಕೇಳಿದ್ದು ಒಂದೇ: ನಿವೃತ್ತಿಯ ನಂತರವೂ ಚಿತ್ರಕಲಾ ಕೋಣೆಯ ಬೀಗದಕೈ ನನ್ನ ಬಳಿ ಇರಲಿ, ಯರ್ರಮ್ಮ ಬದುಕಿರುವಾಗಲೇ ಇದನ್ನು ಮಕ್ಕಳ ಜೊತೆ ಕೂತು ಮತ್ತೆ ಬಳಿಯುತ್ತೇನೆ ಎಂದು. ನಿವೃತ್ತರಿಗೆ ಕೋಣೆ ಕೊಡಲು ನಿಯಮವಿಲ್ಲ, ಅಲ್ಲಿ ಹೊಸ ಬೆಂಚುಗಳನ್ನು ಇಡಬೇಕಾಗಿದೆ ಎಂಬ ಉತ್ತರ ಬಂದಿದೆ. ಯಂತ್ರ ಹಾಳುಮಾಡಲು ಯಾವ ನಿಯಮವೂ ಅಡ್ಡ ಬರಲಿಲ್ಲ, ಸರಿಮಾಡಲು ಮಾತ್ರ ನಿಯಮ ಬೇಕಂತೆ.

ಪೂಜ್ಯ ಗುರುಗಳಿಗೆ ಭಗವಂತನು ಆಯುರಾರೋಗ್ಯವನ್ನೂ ನಡುಗದ ಕೈಯನ್ನೂ ಕರುಣಿಸಲಿ. ಅವರಿಗಿಂತ ಮೊದಲು ಯರ್ರಮ್ಮನಿಗೆ ಕರುಣಿಸಲಿ, ಆಕೆಯ ಅಂಗೈಯ ನೆನಪಿಲ್ಲದೆ ಅವರ ಕೆಲಸ ಸಾಗದು. ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಹಾರ ಹಾಕಿ, ಶಾಲು ಹೊದಿಸಿ, ಫಲತಾಂಬೂಲ ಕೊಡಿ, ಈ ಸಂಪುಟವನ್ನೂ ಅವರ ಕೈಗಿಡಿ. ಆದರೆ ಆ ಬೀಗದಕೈ ಕೊಡದೆ ಅವರನ್ನು ಮನೆಗೆ ಕಳಿಸುವುದಾದರೆ, ದಯವಿಟ್ಟು ಅದನ್ನು ಅಭಿನಂದನೆ ಎಂದು ಕರೆಯಬೇಡಿ.